ಅಮೆರಿಕದ ಶಾಲೆಯಲ್ಲಿ ನಿಮ್ಮ ಮಗು ‘ಇಂಗ್ಲಿಷ್ ಲರ್ನರ್’ ಆದಾಗ: ಹೊಸದಾಗಿ ಬಂದ ಕನ್ನಡದ ಅಪ್ಪ-ಅಮ್ಮಂದಿರಿಗೆ

ಶಾಲೆಗೆ ಸೇರಿಸುವಾಗ ಒಂದು ಕಟ್ಟು ಫಾರ್ಮ್ ತುಂಬಬೇಕು. ಲಸಿಕೆ, ವಿಳಾಸ, ಅಲರ್ಜಿ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಹೀಗೆ. ಅದರ ನಡುವೆ ಒಂದು ಚಿಕ್ಕ ಹಾಳೆ ಇರುತ್ತದೆ. ಹೆಸರು ‘ಹೋಮ್ ಲ್ಯಾಂಗ್ವೇಜ್ ಸರ್ವೆ’. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ, ಅದಕ್ಕೆ ಶಾಲೆಯ ಸಹಾಯ ಬೇಕಾದ ಮಕ್ಕಳನ್ನು ಇಲ್ಲಿ ‘ಇಂಗ್ಲಿಷ್ ಲರ್ನರ್’ ಅನ್ನುತ್ತಾರೆ. ಅಂಥವರನ್ನು ಗುರುತಿಸುವ ಮೊದಲ ಹೆಜ್ಜೆ ಈ ಹಾಳೆ. ಕ್ಯಾಲಿಫೋರ್ನಿಯಾದಲ್ಲಿ ಅದರಲ್ಲಿ ನಾಲ್ಕೇ ಪ್ರಶ್ನೆ. ಮಗು ಮೊದಲು ಮಾತು ಕಲಿತಿದ್ದು ಯಾವ ಭಾಷೆಯಲ್ಲಿ? ಮನೆಯಲ್ಲಿ ಮಗು ಜಾಸ್ತಿ ಆಡುವ ಭಾಷೆ ಯಾವುದು? ನೀವು ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತೀರಿ? ಮನೆಯ ದೊಡ್ಡವರು ಜಾಸ್ತಿ ಯಾವ ಭಾಷೆ ಆಡುತ್ತಾರೆ?

ನಾವು ನಾಲ್ಕಕ್ಕೂ ‘ಇಂಗ್ಲಿಷ್’ ಅಂತ ಬರೆದೆವು. ತುಮಕೂರಿನಿಂದ ಬಂದು ಎರಡು ವಾರವೂ ಆಗಿರಲಿಲ್ಲ. ಮಗಳಿಗೆ ಆರು ವರ್ಷ. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಆದರೆ ‘ಕನ್ನಡ ಅಂತ ಬರೆದ್ರೆ ಮಗೂನ ಬೇರೆ ಕೂರಿಸ್ತಾರೆ, ಹಿಂದೆ ಬಿದ್ಬಿಡ್ತಾಳೆ’ ಅಂತ ಪರಿಚಯದವರೊಬ್ಬರು ಹೇಳಿದ್ದರು. ಹೆದರಿ ಹಾಗೆ ಬರೆದೆವು.

ಹಾಗಾಗಿ ಶಾಲೆಯವರು ಅವಳಿಗೆ ಇಂಗ್ಲಿಷ್ ಪರೀಕ್ಷೆ ಮಾಡಲಿಲ್ಲ. ಸಹಾಯವೂ ಸಿಗಲಿಲ್ಲ. ಎರಡು ತಿಂಗಳು ಅವಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ನಾಚಿಕೆ ಸ್ವಭಾವ ಇರಬೇಕು ಅಂತ ಟೀಚರ್ ಅಂದುಕೊಂಡರು. ದಿನಾ ಮಧ್ಯಾಹ್ನ ಮನೆಗೆ ಬಂದವಳೇ ಬ್ಯಾಗನ್ನು ಬಾಗಿಲಲ್ಲೇ ಬಿಸಾಕಿ ಬಾತ್‌ರೂಮಿಗೆ ಓಡುತ್ತಿದ್ದಳು. ಡಬ್ಬಿಯಲ್ಲಿ ಚಿತ್ರಾನ್ನ ಅರ್ಧಕ್ಕರ್ಧ ಉಳಿದಿರುತ್ತಿತ್ತು. ನೀರಿನ ಬಾಟಲಿ ಬೆಳಿಗ್ಗೆ ತುಂಬಿಸಿದ ಹಾಗೇ ವಾಪಸ್ ಬರುತ್ತಿತ್ತು. ಒಂದು ರಾತ್ರಿ ತಲೆ ಬಾಚುತ್ತಾ ಮೆಲ್ಲಗೆ ಕೇಳಿದೆ. ಬೇರೆ ಮಕ್ಕಳು ಬಾಗಿಲ ಪಕ್ಕ ನೇತುಹಾಕಿದ ಏನನ್ನೋ ಕೈಯಲ್ಲಿ ಹಿಡಿದು ಹೊರಗೆ ಹೋಗುತ್ತಾರಂತೆ. ಅದು ಬಾತ್‌ರೂಮ್ ಪಾಸ್, ಕ್ಲಾಸಿನಿಂದ ಬಾತ್‌ರೂಮಿಗೆ ಹೋಗಲು ಅನುಮತಿಯ ಗುರುತು. ಅದನ್ನು ಯಾವಾಗ ತಗೋಬೇಕು, ಯಾರನ್ನು ಕೇಳಬೇಕು, ಅವಳಿಗೆ ಗೊತ್ತಿರಲಿಲ್ಲ. ನೀರು ಕುಡಿದರೆ ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇರೆ ಯಾವ ಮಗುವಿಗೂ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಕ್ಯಾಲಿಫೋರ್ನಿಯಾದ ಪದ್ಧತಿ. ಟೆಕ್ಸಾಸ್, ನ್ಯೂಜೆರ್ಸಿ, ಮಿಶಿಗನ್‌ನಲ್ಲಿ ಪರೀಕ್ಷೆಯ ಹೆಸರು, ಫಾರ್ಮಿನ ಪ್ರಶ್ನೆ ಬೇರೆ ಇರುತ್ತವೆ. ಮೂಲ ಕಾನೂನು ಮಾತ್ರ ದೇಶಕ್ಕೆಲ್ಲ ಒಂದೇ.

ಹೆಜ್ಜೆ 1: ಫಾರ್ಮಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ

ಮನೆಯಲ್ಲಿ ಕನ್ನಡ ಆಡುತ್ತೀರಾ? ‘ಕನ್ನಡ’ ಅಂತಲೇ ಬರೆಯಿರಿ. ತುಳು, ಕೊಂಕಣಿ, ಕೊಡವ ಆಡುವವರು ಅದನ್ನೇ ಬರೆಯಿರಿ. ಫಾರ್ಮಿನ ಪಟ್ಟಿಯಲ್ಲಿ ನಿಮ್ಮ ಭಾಷೆ ಕಾಣದಿದ್ದರೆ ‘ಇತರೆ’ ಅನ್ನುವ ಕಡೆ ಬರೆಯಬಹುದು. ಸುಮ್ನೆ ‘ಹಿಂದಿ’ ಅಂತ ಗುರುತು ಹಾಕಬೇಡಿ. ನಾಳೆ ದುಭಾಷಿ ಬೇಕಾದಾಗ ಹಿಂದಿಯವರನ್ನು ಕರೆಸುತ್ತಾರೆ.

ಈ ಹಾಳೆಯಿಂದ ನಿಮ್ಮ ವೀಸಾಕ್ಕೆ ಏನೂ ಆಗುವುದಿಲ್ಲ. ಇದು ಇರುವುದು ಮಗುವಿಗೆ ಸಹಾಯ ಬೇಕಾ ಅಂತ ನೋಡಲು. ಮಗುವಿನ ವಲಸೆ ಸ್ಥಿತಿ ನೋಡಿ ಅದನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ.

ಇದೇ ಕಟ್ಟಿನಲ್ಲಿ ನಮ್ಮವರು ಎಡವುವ ಇನ್ನೆರಡು ಜಾಗ ಇವೆ.

ಒಂದು ಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ. ಊರಿನ ಹೆಸರು, ಅಪ್ಪನ ಹೆಸರು, ಇನಿಶಿಯಲ್ಲು, ಅಷ್ಟೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬಂದಿರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಗುರುತು ಅದು. ಶಾಲೆಯ ಕಂಪ್ಯೂಟರಿಗೂ ಅದೇ ಹೋಗುತ್ತದೆ. ಆಮೇಲೆ ಮಗುವನ್ನು ‘ಫ್ನು’ ಅಂತಲೋ ಅಪ್ಪನ ಹೆಸರಿನಿಂದಲೋ ಕೂಗುತ್ತಾರೆ. ಮಗು ತನ್ನನ್ನಲ್ಲ ಅಂತ ಸುಮ್ಮನಿರುತ್ತದೆ. ಟೀಚರ್ ಮಗುವಿಗೆ ಕೇಳಿಸಲಿಲ್ಲವೇನೋ ಅಂದುಕೊಳ್ಳುತ್ತಾರೆ. ಹೆಚ್ಚಿನ ಫಾರ್ಮ್‌ಗಳಲ್ಲಿ ‘ಕರೆಯುವ ಹೆಸರು’ ಬರೆಯಲು ಬೇರೆ ಜಾಗ ಇರುತ್ತದೆ. ಅದನ್ನು ತಪ್ಪದೆ ತುಂಬಿ. ಮೊದಲ ದಿನ ಟೀಚರ್ ಮುಂದೆ ಮಗುವಿನ ಹೆಸರನ್ನು ನಿಧಾನವಾಗಿ ಎರಡು ಸಲ ಹೇಳಿ, ಅವರ ಬಾಯಲ್ಲೂ ಹೇಳಿಸಿ. ಇದರಲ್ಲಿ ಸಂಕೋಚ ಬೇಡ. ಅವರು ಖುಷಿಯಿಂದ ಕಲಿಯುತ್ತಾರೆ.

ಇನ್ನೊಂದು ತಾರೀಕು. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜುಲೈ 3ನ್ನು 03/07 ಅಂತ ಬರೆದರೆ ಅದು ಮಾರ್ಚ್ 7 ಆಗುತ್ತದೆ. ಲಸಿಕೆ ಪುಸ್ತಕದಲ್ಲಿ ನಮ್ಮ ಡಾಕ್ಟರ್ ಬರೆದ ತಾರೀಕುಗಳನ್ನೂ ಇಲ್ಲಿಯವರು ಹಾಗೇ ತಲೆಕೆಳಗಾಗಿ ಓದಬಹುದು. ಒಂದು ಹಾಳೆಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ಜೊತೆಗಿಡಿ.

ಹೆಜ್ಜೆ 2: ಪರೀಕ್ಷೆ ಏನು ಅಂತ ತಿಳಿದುಕೊಳ್ಳಿ

ಫಾರ್ಮಿನ ಮೊದಲ ಮೂರು ಪ್ರಶ್ನೆಗಳಲ್ಲಿ ಯಾವುದಕ್ಕಾದರೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರೆದರೆ, ಕ್ಯಾಲಿಫೋರ್ನಿಯಾದಲ್ಲಿ ಮಗು ಸೇರಿದ 30 ದಿನದೊಳಗೆ ಒಂದು ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಇದರ ಹೆಸರು ಎಲ್‌ಪ್ಯಾಕ್. ಟೆಕ್ಸಾಸ್‌ನಲ್ಲಿ ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆಗೆ ಟೆಲ್ಪಾಸ್ ಅನ್ನುತ್ತಾರೆ. ನ್ಯೂಜೆರ್ಸಿ, ಮಿಶಿಗನ್, ಇಲಿನಾಯ್ ಸೇರಿ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ವೀಡಾ ಅನ್ನುವ ಸಂಸ್ಥೆಯ ‘ಆಕ್ಸೆಸ್’ ಪರೀಕ್ಷೆ ಇದೆ. ಎಲ್ಲದರಲ್ಲೂ ನೋಡುವುದು ನಾಲ್ಕು ವಿಷಯ: ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು.

ಇದರಲ್ಲಿ ಪಾಸು-ಫೇಲು ಇಲ್ಲ. ಮಗು ಎಲ್ಲಿ ನಿಂತಿದೆ ಅಂತ ನೋಡುವುದು ಅಷ್ಟೇ. ಹಾಗಾಗಿ ಹಿಂದಿನ ರಾತ್ರಿ ಕೂರಿಸಿ ಪಾಠ ಹೇಳಿಕೊಡಬೇಡಿ. ಬಾಯಿಪಾಠದಿಂದ ಒಂದು ಹಂತ ಮೇಲೆ ತೋರಿಸಿಕೊಂಡರೆ ಸಿಗಬೇಕಾದ ಸಹಾಯ ಕಡಿಮೆಯಾಗುತ್ತದೆ. ಬೇಕಾದ್ದು ಚೆನ್ನಾಗಿ ನಿದ್ದೆ, ಹೊಟ್ಟೆ ತುಂಬ ತಿಂಡಿ. ಜೊತೆಗೆ ಮಗುವಿಗೆ ಹೀಗೆ ಹೇಳಿ: ‘ಒಬ್ಬರು ಮಿಸ್ ಚಿತ್ರ ತೋರಿಸಿ ಮಾತಾಡಿಸ್ತಾರೆ. ಗೊತ್ತಿದ್ದದ್ದು ಹೇಳು. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು.’

‘ನಮ್ಮ ಮಗು ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂ, ಇದೆಲ್ಲ ಯಾಕೆ?’ ಅಂತ ತುಂಬ ಜನ ಕೇಳುತ್ತಾರೆ. ನಿಜವಾಗಿ ಚೆನ್ನಾಗಿ ಬರುತ್ತಿದ್ದರೆ ಪರೀಕ್ಷೆಯಲ್ಲೇ ಅದು ಗೊತ್ತಾಗುತ್ತದೆ, ಮಗು ‘ಇಂಗ್ಲಿಷ್ ಲರ್ನರ್’ ಪಟ್ಟಿಗೆ ಸೇರುವುದೇ ಇಲ್ಲ. ಆದರೆ ನಮ್ಮ ಮಕ್ಕಳು ಅಲ್ಲಿ ಇಂಗ್ಲಿಷನ್ನು ಜಾಸ್ತಿ ಓದಿ ಬರೆದಿರುತ್ತಾರೆ, ಮಾತಾಡಿದ್ದು ಕಮ್ಮಿ. ಆಟದ ಮೈದಾನದಲ್ಲಿ ಕನ್ನಡವೇ ಅಲ್ವಾ? ಇಲ್ಲಿಯ ಟೀಚರ್ ವೇಗವಾಗಿ ಮಾತಾಡಿದರೆ ಚುರುಕಾದ ಮಗುವಿಗೂ ಅರ್ಧ ತಪ್ಪಿಹೋಗುತ್ತದೆ.

ಹೆಜ್ಜೆ 3: ಮನೆಗೆ ಬರುವ ಪತ್ರವನ್ನು ಪೂರ್ತಿ ಓದಿ

ಪರೀಕ್ಷೆಯ ನಂತರ ಒಂದು ಪತ್ರ ಬರುತ್ತದೆ. ಶಾಲಾ ವರ್ಷ ಶುರುವಾಗಿ 30 ದಿನದೊಳಗೆ ಅದನ್ನು ಕಳಿಸಬೇಕು. ವರ್ಷದ ನಡುವೆ ಮಗುವನ್ನು ಗುರುತಿಸಿದರೆ ಕಾರ್ಯಕ್ರಮಕ್ಕೆ ಸೇರಿಸಿದ ಎರಡು ವಾರದೊಳಗೆ. ಮಗುವನ್ನು ಯಾಕೆ ಆರಿಸಿದರು, ಈಗ ಯಾವ ಹಂತ, ಹೇಗೆ ಕಲಿಸುತ್ತಾರೆ, ಯಾವಾಗ ಪಟ್ಟಿಯಿಂದ ಹೊರಬರಬಹುದು, ಎಲ್ಲವೂ ಅದರಲ್ಲಿ ಇರಬೇಕು. ಬಂದಿಲ್ಲವಾ? ಆಫೀಸಿಗೆ ಹೋಗಿ ಕೇಳಿ.

ಸಹಾಯ ಕೊಡುವ ರೀತಿ ಶಾಲೆಯಿಂದ ಶಾಲೆಗೆ ಬೇರೆ. ಕೆಲವು ಕಡೆ ದಿನಕ್ಕೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬೇರೆ ರೂಮಿಗೆ ಕರೆದುಕೊಂಡು ಹೋಗಿ ನಾಲ್ಕೈದು ಮಕ್ಕಳಿಗೆ ಒಟ್ಟಿಗೆ ಹೇಳಿಕೊಡುತ್ತಾರೆ. ಕೆಲವು ಕಡೆ ಇಂಗ್ಲಿಷ್ ಕಲಿಸುವ ಟೀಚರ್ ಕ್ಲಾಸಿಗೇ ಬಂದು ಪಕ್ಕದಲ್ಲಿ ಕೂರುತ್ತಾರೆ. ಉಳಿದ ಹೊತ್ತೆಲ್ಲ ಮಗು ಎಲ್ಲರ ಜೊತೆಗೇ ಇರುತ್ತದೆ. ನಾವು ಹೆದರಿದ ಹಾಗೆ ಯಾರೂ ಮೂಲೆಯಲ್ಲಿ ಕೂರಿಸುವುದಿಲ್ಲ. ಬೇರೆ ರೂಮಿಗೆ ಹೋಗುವುದಾದರೆ ಯಾವ ಪಾಠದ ಹೊತ್ತಿನಲ್ಲಿ ಹೋಗುತ್ತದೆ ಅಂತ ಮಾತ್ರ ಕೇಳಿ ಇಟ್ಟುಕೊಳ್ಳಿ. ಗಣಿತವೇ ದಿನಾ ತಪ್ಪುತ್ತಿದ್ದರೆ ಹೊತ್ತು ಬದಲಿಸಲು ಹೇಳಬಹುದು.

ಇದು ಯಾರೋ ದಯೆ ತೋರಿ ಕೊಡುವ ಸಹಾಯ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ಮೂಲದ ಸುಮಾರು 1,800 ಮಕ್ಕಳು ಪಾಠ ಅರ್ಥವಾಗದೆ, ಯಾವ ನೆರವೂ ಸಿಗದೆ ಕೂತಿದ್ದರು. ಆ ಮನೆಗಳವರು ಕೋರ್ಟಿಗೆ ಹೋದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನವಾಗಿ ಕಂಡ ಹಾಗಾಗಲಿಲ್ಲ ಅಂತ 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಲಾ ವರ್ಸಸ್ ನಿಕೋಲ್ಸ್’ ಅಂತ ಆ ಮೊಕದ್ದಮೆಯ ಹೆಸರು. ಇವತ್ತು ನಮ್ಮ ಮಕ್ಕಳಿಗೆ ಸಿಗುವ ಪಾಠದ ಹಿಂದೆ ಆ ಅಪ್ಪ-ಅಮ್ಮಂದಿರ ಜಗಳ ಇದೆ. ದುಡ್ಡು ಏನೂ ಕೊಡಬೇಕಾಗಿಲ್ಲ.

ಬೇಡ ಅನ್ನುವ ಹಕ್ಕೂ ನಿಮಗಿದೆ. ನನ್ನನ್ನು ಕೇಳಿದರೆ ಬೇಡ ಅನ್ನಬೇಡಿ. ಬೇಡ ಅಂದರೂ ಮಗು ಪಟ್ಟಿಯಲ್ಲೇ ಇರುತ್ತದೆ, ವರ್ಷ ವರ್ಷ ಪರೀಕ್ಷೆಯೂ ಇರುತ್ತದೆ. ಹೋಗುವುದು ಸಹಾಯ ಒಂದೇ.

ನಮ್ಮ ಹಾಗೆ ಮೊದಲೇ ತಪ್ಪು ಬರೆದಿದ್ದರೆ? ಟೀಚರಿಗೆ ನಿಜ ಹೇಳಿ. ನಾನು ಮರುದಿನ ಬೆಳಿಗ್ಗೆಯೇ ಹೋಗಿ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಫಾರ್ಮ್ ತಿದ್ದಿಸಿ, ಪರೀಕ್ಷೆ ಮಾಡಿಸಿ, ಮಗಳನ್ನು ಇಂಗ್ಲಿಷ್ ಕಲಿಯುವ ಗುಂಪಿಗೆ ಸೇರಿಸಿದರು.

ಹೆಜ್ಜೆ 4: ಮೊದಲ ತಿಂಗಳಿಗೆ ಒಂದು ಕಾರ್ಡು

ಅಂಗೈ ಅಗಲದ ದಪ್ಪ ಕಾಗದ ತಗೊಳ್ಳಿ. ಆರು ಚಿತ್ರ ಬರೆಯಿರಿ, ಇಲ್ಲವೇ ಅಂಟಿಸಿ: ಬಾತ್‌ರೂಮ್, ನೀರು, ಹೊಟ್ಟೆನೋವು, ಹಸಿವು, ‘ಅರ್ಥವಾಗಲಿಲ್ಲ’, ‘ಅಮ್ಮನಿಗೆ ಫೋನ್ ಮಾಡಿ’. ಪ್ರತಿ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಣ್ಣ ವಾಕ್ಯ. ಅದರ ಕೆಳಗೆ ಕನ್ನಡ ಪದ, ಟೀಚರಿಗೆ ಓದಲು ಆಗುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ. ಎರಡು ಪ್ರತಿ ಮಾಡಿ. ಒಂದು ಮಗುವಿನ ಡೆಸ್ಕಿಗೆ, ಒಂದು ಟೀಚರಿಗೆ. ಮಗಳ ಟೀಚರ್ ಮೊದಲ ಸಲ ‘ನೀರು?’ ಅಂತ ಕೇಳಿದಾಗ ಅವಳು ಮನೆಗೆ ಬಂದು ಅದನ್ನೇ ಐದಾರು ಸಲ ಹೇಳಿದಳು. ‘ಮಿಸ್‌ಗೆ ಕನ್ನಡ ಬರತ್ತೆ’ ಅಂತ ತಂಗಿಗೂ ಹೇಳಿದಳು.

ಶಾಲೆ ಶುರುವಾಗುವ ಮೊದಲು ಒಂದು ಸಂಜೆ ಕಟ್ಟಡ ನೋಡಲು ಬಿಡುತ್ತಾರಾ ಕೇಳಿ. ಬಾತ್‌ರೂಮ್ ಎಲ್ಲಿ, ಊಟದ ಸಾಲು ಎಲ್ಲಿ ನಿಲ್ಲುತ್ತದೆ, ಬಸ್ಸು ಎಲ್ಲಿ ಬರುತ್ತದೆ ಅಂತ ಕೈಹಿಡಿದು ತೋರಿಸಿ.

ಇನ್ನು ಕೆಲವು ಪದ. ನಮ್ಮ ‘ರಬ್ಬರ್’ ಇಲ್ಲಿ ‘ಇರೇಸರ್’. ‘ಟಾಯ್ಲೆಟ್’ಗೆ ‘ರೆಸ್ಟ್‌ರೂಮ್’. ‘ಡಸ್ಟ್‌ಬಿನ್’ಗೆ ‘ಟ್ರ್ಯಾಶ್’. ‘ಫುಲ್‌ಸ್ಟಾಪ್’ ಅನ್ನುವುದು ‘ಪೀರಿಯಡ್’, ‘ಝೆಡ್’ ಅನ್ನುವುದು ‘ಝೀ’. ಟೀಚರನ್ನು ‘ಮಿಸ್’ ಅಂದರೆ ಕೆಲವರಿಗೆ ವಿಚಿತ್ರ ಅನ್ನಿಸುತ್ತದೆ, ಅವರ ಸರ್‌ನೇಮ್ ಸೇರಿಸಿ ಕರೆಯುವುದು ರೂಢಿ. ನಾಣ್ಯಗಳನ್ನೂ ಕೈಗೆ ಕೊಟ್ಟು ಆಡಿಸಿ. ಹತ್ತು ಸೆಂಟಿನ ಡೈಮ್ ನೋಡಲು ಐದು ಸೆಂಟಿನ ನಿಕಲ್‌ಗಿಂತ ಚಿಕ್ಕದು, ಬೆಲೆ ಎರಡು ಪಟ್ಟು. ಎರಡನೇ ಕ್ಲಾಸಿನ ಗಣಿತದಲ್ಲಿ ಇದು ಬಂದೇ ಬರುತ್ತದೆ.

ತಲೆಯಾಡಿಸುವ ವಿಷಯ ಟೀಚರಿಗೆ ಮೊದಲೇ ಹೇಳಿ. ನಮ್ಮ ಮಕ್ಕಳು ಆ ಕಡೆ ಈ ಕಡೆ ತಲೆ ತೂಗಿ ‘ಹೂಂ’ ಅನ್ನುತ್ತಾರೆ. ಇಲ್ಲಿಯವರಿಗೆ ಅದು ‘ಬೇಡ’ ಅಂದ ಹಾಗೆ ಕಾಣುತ್ತದೆ. ದೊಡ್ಡವರ ಮುಂದೆ ಕಣ್ಣು ಕೆಳಗೆ ಮಾಡುವುದು ನಮಗೆ ಮರ್ಯಾದೆ. ಇಲ್ಲಿ ಅದನ್ನು ಗಮನ ಇಲ್ಲ ಅಂತ ತಿಳಿಯಬಹುದು.

ಊಟದ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 2022ರಿಂದ ಎಲ್ಲ ಮಕ್ಕಳಿಗೂ ತಿಂಡಿ, ಊಟ ಉಚಿತ. ಮಾಂಸ ತಿನ್ನದವರು ‘ವೆಜಿಟೇರಿಯನ್’ ಅಂತ ಬರೆದರೆ ಸಾಲದು. ಪಿಜ್ಜಾ ಮೇಲಿನ ಕೆಂಪು ಬಿಲ್ಲೆ ಪೆಪ್ಪರೋನಿ, ಅದು ಮಾಂಸ ಅಂತ ಮಗುವಿಗೆ ಚಿತ್ರ ತೋರಿಸಿ ಹೇಳಿ. ಮನೆಯ ಡಬ್ಬಿ ಕೊಡುವುದಾದರೆ ಮೊದಮೊದಲು ಸುಲಭವಾಗಿ ತಿನ್ನುವಂಥದ್ದು ಕೊಡಿ: ಪುಟ್ಟ ಇಡ್ಲಿ, ಸುತ್ತಿದ ಚಪಾತಿ. ಊಟಕ್ಕೆ ಸಿಗುವ ಹೊತ್ತು ತೀರ ಕಮ್ಮಿ.

ಮಗು ಮಾತಾಡದೇ ಇದ್ದರೆ ಗಾಬರಿಯಾಗಬೇಡಿ. ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲವು ವಾರ, ಕೆಲವು ಸಲ ಕೆಲವು ತಿಂಗಳು, ಬರೀ ಕೇಳಿಸಿಕೊಳ್ಳುತ್ತಾರೆ. ಆಗಲೂ ಒಳಗೆ ಕಲಿಕೆ ನಡೆದೇ ಇರುತ್ತದೆ. ‘ಇವತ್ತು ಇಂಗ್ಲಿಷಲ್ಲಿ ಏನು ಮಾತಾಡಿದೆ?’ ಅಂತ ದಿನಾ ಕೇಳಿ ಪ್ರಾಣ ಹಿಂಡಬೇಡಿ. ‘ಇವತ್ತು ಯಾರ ಪಕ್ಕ ಕೂತಿದ್ದೆ?’ ಅಂತ ಕೇಳಿ.

ಹೆಜ್ಜೆ 5: ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮಗು ಇಂಗ್ಲಿಷಿನಲ್ಲಿ ತಡವರಿಸುವುದನ್ನು ನೋಡಿ ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮ ರಾತ್ರೋರಾತ್ರಿ ಇಂಗ್ಲಿಷಿಗೆ ತಿರುಗುತ್ತಾರೆ. ನಾನೂ ಒಂದು ವಾರ ಪ್ರಯತ್ನಪಟ್ಟೆ. ಮನೆ ಮೌನವಾಯಿತು. ‘ಬಾ’, ‘ತಿನ್ನು’, ‘ಮಲಗು’ ಬಿಟ್ಟರೆ ನನಗೇ ಮಾತು ಬರಲಿಲ್ಲ. ಕಥೆ ಹೇಳಲು ಆಗಲಿಲ್ಲ. ಅವಳು ಅತ್ತಾಗ ಸಮಾಧಾನ ಮಾಡಲು ಪದ ಸಿಗಲಿಲ್ಲ. ಶಾಲೆಯಲ್ಲಿ ಬಾಯಿ ಕಟ್ಟಿದ್ದ ಮಗುವಿಗೆ ಮನೆಯಲ್ಲೂ ಬಾಯಿ ಕಟ್ಟಿದ ಹಾಗಾಯಿತು.

ಕೆನಡಾದ ಭಾಷಾ ತಜ್ಞ ಜಿಮ್ ಕಮಿನ್ಸ್ ಈ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಆಟದ ಮೈದಾನದ ಮಾತು ಮಗುವಿಗೆ ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಾಠದ ಭಾಷೆ, ಅಂದರೆ ಕಾರಣ ಹೇಳುವುದು, ಹೋಲಿಸುವುದು, ವಿಜ್ಞಾನದ ಪಾಠ ಓದಿ ಸಾರ ಬರೆಯುವುದು, ಇದಕ್ಕೆಲ್ಲ ಐದರಿಂದ ಏಳು ವರ್ಷ ಬೇಕಾಗುತ್ತದೆ. ಮೊದಲ ಭಾಷೆಯಲ್ಲಿ ಯೋಚಿಸಲು ಕಲಿತ ಮಗು ಅದನ್ನು ಎರಡನೆಯದಕ್ಕೂ ಒಯ್ಯುತ್ತದೆ. ‘ಆವಿಯಾಗುವುದು’ ಏನು ಅಂತ ಅಡುಗೆಮನೆಯಲ್ಲಿ ಅನ್ನದ ಪಾತ್ರೆ ಮುಚ್ಚಳ ತೆಗೆದಾಗ ಕನ್ನಡದಲ್ಲಿ ತಿಳಿದಿದ್ದರೆ, ಶಾಲೆಯಲ್ಲಿ ಬೇಕಾಗುವುದು ಅದರ ಇಂಗ್ಲಿಷ್ ಹೆಸರು ಮಾತ್ರ.

ಹಾಗಾಗಿ ದಿನಾ ಸಂಜೆ ಅರ್ಧ ಗಂಟೆ ಹೀಗೆ ಮಾಡಿ. ಶಾಲೆಯಿಂದ ತಂದ ಪುಸ್ತಕದ ಚಿತ್ರಗಳನ್ನು ನೋಡುತ್ತಾ ಕಥೆಯನ್ನು ಕನ್ನಡದಲ್ಲಿ ಮಾತಾಡಿ. ‘ಈ ಹುಡುಗ ಯಾಕೆ ಅಳ್ತಿದ್ದಾನೆ? ಮುಂದೆ ಏನಾಗಬಹುದು?’ ಗಣಿತದ ಲೆಕ್ಕ ಬಿಡಿಸಿದ ಮೇಲೆ ‘ಹೇಗೆ ಮಾಡಿದೆ, ನಂಗೆ ಹೇಳಿಕೊಡು’ ಅನ್ನಿ. ನಮ್ಮ ಮಕ್ಕಳಿಗೆ ಮಗ್ಗಿ ಬರುತ್ತದೆ, ಉತ್ತರ ಸರಿ ಇರುತ್ತದೆ. ಇಲ್ಲಿ ಉತ್ತರದ ಜೊತೆಗೆ ದಾರಿಯನ್ನೂ ಬರೆಯಿಸುತ್ತಾರೆ. ಕನ್ನಡದಲ್ಲಿ ಹೇಳಿ ರೂಢಿಯಾದ ಮಗು ಆರು ತಿಂಗಳಲ್ಲೋ ವರ್ಷದಲ್ಲೋ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತದೆ.

ಪುಸ್ತಕ ಇಲ್ಲ ಅನ್ನುವ ಚಿಂತೆ ಬೇಡ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಎಷ್ಟೋ ಕಥೆ ಕನ್ನಡದಲ್ಲೂ ಇವೆ, ಇಂಗ್ಲಿಷಿನಲ್ಲೂ ಇವೆ, ಚಿತ್ರ ಒಂದೇ. ಸೋಮವಾರ ಕನ್ನಡದಲ್ಲಿ ಓದಿ, ಬುಧವಾರ ಅದೇ ಕಥೆ ಇಂಗ್ಲಿಷಿನಲ್ಲಿ. ಕಥೆ ಮೊದಲೇ ಗೊತ್ತಿರುವುದರಿಂದ ಹೊಸ ಪದ ತಾನಾಗಿ ಅರ್ಥವಾಗುತ್ತದೆ. ಊರಿನ ಲೈಬ್ರರಿ ಕಾರ್ಡೂ ಮೊದಲ ವಾರವೇ ಮಾಡಿಸಿ, ಅದಕ್ಕೆ ದುಡ್ಡಿಲ್ಲ.

ಅಜ್ಜಿ-ತಾತ ಆರು ತಿಂಗಳಿಗೆ ಬಂದಿದ್ದಾರಾ? ‘ಅಮ್ಮ, ನೀವು ಮಗು ಜೊತೆ ಇಂಗ್ಲಿಷ್ ಪದ ಹಾಕಿ ಮಾತಾಡಿ’ ಅಂತ ಅವರಿಗೆ ಹೇಳಬೇಡಿ. ಅವರು ಹೇಳುವ ಕಥೆ, ಒಗಟು, ಎಣಿಕೆ, ಗದರಿಕೆ ಎಲ್ಲ ಹಾಗೇ ಇರಲಿ.

ಕನ್ನಡದ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಿಗೆ ಒಂದು ಲೆಕ್ಕ ಇದೆ. ಟೀಚರಿಗೆ ಹೇಳಿದರೆ ಅವರಿಗೂ ಸುಲಭ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಅದಕ್ಕೇ ಮಗು ‘ಬಸ್ಸು’, ‘ಬುಕ್ಕು’ ಅನ್ನುತ್ತದೆ. ‘ಎ’ಯಿಂದ ಶುರುವಾಗುವ ಪದಕ್ಕೆ ಮುಂದೆ ಒಂದು ‘ಯ’ ಸೇರುತ್ತದೆ, ‘ಎಗ್’ ಹೋಗಿ ‘ಯೆಗ್ಗು’. ನಾವು ‘ಮೇಜಿನ ಮೇಲೆ’ ಅನ್ನುತ್ತೇವೆ, ‘ಮೇಲೆ’ ಹಿಂದೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಮುಂದೆ ಬರಬೇಕು. ‘ಎ’, ‘ದ’ ಅನ್ನುವ ಪುಟ್ಟ ಪದಗಳಿಗೆ ನಮ್ಮಲ್ಲಿ ಜೋಡಿಯೇ ಇಲ್ಲ, ಮಗು ಅವನ್ನು ಬಿಟ್ಟುಬಿಡುತ್ತದೆ. ಕನ್ನಡವನ್ನು ಬರೆದ ಹಾಗೇ ಓದುತ್ತೇವೆ. ಇಂಗ್ಲಿಷ್ ಹಾಗಲ್ಲ, ಕಾಗುಣಿತದ ಸಿಟ್ಟು ಮಗುವಿಗೆ ಬಂದೇ ಬರುತ್ತದೆ. ಇದು ದಡ್ಡತನ ಅಲ್ಲ. ಒಂದು ಭಾಷೆಯನ್ನು ಸರಿಯಾಗಿ ಕಲಿತ ಮಗುವೇ ಇಂಥ ತಪ್ಪು ಮಾಡುವುದು.

ಹೆಜ್ಜೆ 6: ಟೀಚರ್ ಜೊತೆ ಮಾತು

ವರ್ಷಕ್ಕೆ ಒಂದೆರಡು ಸಲ ಪೋಷಕರನ್ನು ಕರೆಸುತ್ತಾರೆ. ಸಿಗುವುದು ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ. ಅಪ್ಪ-ಅಮ್ಮ ಇಬ್ಬರೂ ಹೋಗಿ. ‘ನಮ್ಮ ಯಜಮಾನರು ಮಾತಾಡ್ತಾರೆ’ ಅಂತ ಅಮ್ಮಂದಿರು ಹಿಂದೆ ನಿಲ್ಲಬೇಡಿ. ದಿನವಿಡೀ ಮಗುವಿನ ಜೊತೆ ಇರುವವರಿಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿರುವುದಿಲ್ಲ.

ಇಂಗ್ಲಿಷಿನಲ್ಲಿ ಮಾತಾಡಲು ಕಷ್ಟ ಅನ್ನಿಸಿದರೆ ಒಂದು ವಾರ ಮೊದಲೇ ಕನ್ನಡ ದುಭಾಷಿ ಬೇಕು ಅಂತ ಆಫೀಸಿಗೆ ಬರೆದು ಕೇಳಿ. ಫೋನಿನಲ್ಲಿ ದುಭಾಷಿ ಕೊಡಿಸುವ ಏರ್ಪಾಡು ಸರ್ಕಾರಿ ಶಾಲೆಗಳನ್ನು ನಡೆಸುವ ಹಲವು ಡಿಸ್ಟ್ರಿಕ್ಟ್‌ಗಳಲ್ಲಿ ಇದೆ. ಮಗುವನ್ನೇ ದುಭಾಷಿ ಮಾಡಬೇಡಿ. ಏಳು ವರ್ಷದ ಮಗು ತನ್ನ ಮೇಲಿನ ದೂರನ್ನು ತಾನೇ ಹೇಗೆ ಹೇಳೀತು?

ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾನು ಕೇಳುತ್ತಿದ್ದದ್ದು ಇಷ್ಟು: ಯಾರ ಜೊತೆ ಆಡುತ್ತಾಳೆ? ಅರ್ಥವಾಗದಿದ್ದಾಗ ಏನು ಮಾಡುತ್ತಾಳೆ? ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ಈ ನಾಲ್ಕರಲ್ಲಿ ಹಿಂದಿರುವುದು ಯಾವುದು? ಮುಂದಿನ ವಾರದ ಪಾಠದ ಮುಖ್ಯ ಪದಗಳನ್ನು ಮೊದಲೇ ಕಳಿಸುತ್ತೀರಾ? ಕೊನೆಯದಕ್ಕೆ ಬಹಳ ಟೀಚರ್‌ಗಳು ಒಪ್ಪುತ್ತಾರೆ. ಪದ ಮೊದಲೇ ಸಿಕ್ಕರೆ ಭಾನುವಾರ ಕನ್ನಡದಲ್ಲಿ ಅರ್ಥ ಹೇಳಿ ಕಳಿಸಬಹುದು.

ಹೆಜ್ಜೆ 7: ಶಾಲೆಯ ಒಳಗೆ ಹೋಗಿ

ಕ್ಯಾಲಿಫೋರ್ನಿಯಾದಲ್ಲಿ ಒಂದು ಶಾಲೆಯಲ್ಲಿ 21 ಅಥವಾ ಅದಕ್ಕಿಂತ ಜಾಸ್ತಿ ಇಂಗ್ಲಿಷ್ ಲರ್ನರ್ ಮಕ್ಕಳಿದ್ದರೆ ಅವರ ಪೋಷಕರ ಒಂದು ಸಮಿತಿ ಇರಲೇಬೇಕು. ಅದಕ್ಕೆ ಈಲ್ಯಾಕ್ ಅನ್ನುತ್ತಾರೆ. ಶಾಲೆ ಆ ಮಕ್ಕಳಿಗೆ ಏನು ಮಾಡುತ್ತಿದೆ ಅಂತ ಕೇಳುವ, ಸಲಹೆ ಕೊಡುವ ಜಾಗ ಅದು. ಹೆಚ್ಚಾಗಿ ಸ್ಪ್ಯಾನಿಷ್ ಆಡುವ ಅಮ್ಮಂದಿರು ಇರುತ್ತಾರೆ. ನಾನು ಮೊದಲ ಸಲ ಹೋದಾಗ ಒಬ್ಬರು ಅರ್ಧಂಬರ್ಧ ಇಂಗ್ಲಿಷಿನಲ್ಲೇ ಕುರ್ಚಿ ಎಳೆದು ಕೂರಿಸಿಕೊಂಡರು. ಬಾತ್‌ರೂಮ್ ಪಾಸಿನ ವಿಷಯ ಅಲ್ಲಿ ಹೇಳಿದೆ. ಅವರ ಮಗನಿಗೂ ಹಾಗೇ ಆಗಿತ್ತಂತೆ. ಮುಂದಿನ ವರ್ಷದಿಂದ ಹೊಸ ಮಕ್ಕಳಿಗೆಲ್ಲ ಮೊದಲ ದಿನವೇ ಪಾಸ್ ತೆಗೆದುಕೊಂಡು ಹೋಗಿ ಬರುವುದನ್ನು ಮಾಡಿ ತೋರಿಸುತ್ತಾರೆ.

ಇಲ್ಲಿ ಹಳಬರಾದ ಕನ್ನಡಿಗರಿಗೆ ಒಂದು ಕೋರಿಕೆ. ನಿಮ್ಮ ಮಗುವಿನ ಶಾಲೆಗೆ ಹೊಸ ಮನೆಯವರು ಬಂದರೆ ದಯವಿಟ್ಟು ಹೆದರಿಸಬೇಡಿ. ಫಾರ್ಮ್ ತುಂಬುವ ದಿನ ಜೊತೆಗೆ ಹೋಗಿ. ನಿಮ್ಮ ಮಗುವಿಗೆ ‘ಊಟಕ್ಕೆ ಅವನ ಪಕ್ಕ ಕೂತ್ಕೋ, ಕನ್ನಡದಲ್ಲಿ ಮಾತಾಡು’ ಅಂತ ಹೇಳಿ.

ತೊಂದರೆ ಭಾಷೆಯದೋ ಬೇರೆಯದೋ?

ಕೆಲವು ಸಲ ಟೀಚರ್ ಮಗುವಿಗೆ ಕಲಿಕೆಯ ತೊಂದರೆ ಇರಬಹುದು ಅನ್ನುತ್ತಾರೆ. ಬರೀ ಇಂಗ್ಲಿಷ್ ಬರುವುದಿಲ್ಲ ಅನ್ನುವ ಕಾರಣಕ್ಕೆ ಅಂಗವೈಕಲ್ಯ ಇದೆ ಅಂತ ತೀರ್ಮಾನ ಮಾಡುವಂತಿಲ್ಲ, ಕಾನೂನು ಸ್ಪಷ್ಟವಾಗಿದೆ. ಕನ್ನಡದಲ್ಲಿ ಮಗು ಹೇಗಿದೆ ಅನ್ನುವುದೇ ಇಲ್ಲಿ ದೊಡ್ಡ ಸುಳಿವು. ಅಜ್ಜಿ ಹೇಳಿದ ಕಥೆಯನ್ನು ಸರಾಗವಾಗಿ ತಿರುಗಿ ಹೇಳುತ್ತದಾ? ಎರಡು ಕೆಲಸ ಒಟ್ಟಿಗೆ ಹೇಳಿದರೆ ಮಾಡುತ್ತದಾ? ಕನ್ನಡದಲ್ಲೂ ಮೊದಲಿನಿಂದ ಕಷ್ಟ ಇತ್ತು ಅಂದರೆ ಮುಚ್ಚಿಡಬೇಡಿ, ನೀವೇ ಬರೆದು ಪರೀಕ್ಷೆ ಕೇಳಿ, ಆದಷ್ಟೂ ಕನ್ನಡದಲ್ಲಿ ಮಾಡಿ ಅಂತಲೂ ಕೇಳಿ. ಎರಡೂ ಸಹಾಯ ಒಟ್ಟಿಗೆ ಪಡೆಯಬಹುದು.

ಹೆಜ್ಜೆ 8: ಪಟ್ಟಿಯಿಂದ ಹೊರಬರುವುದು

ಪ್ರತಿ ವರ್ಷ ಫೆಬ್ರವರಿಯಿಂದ ಮೇ ನಡುವೆ ಎಲ್‌ಪ್ಯಾಕ್ ಮತ್ತೆ ನಡೆಯುತ್ತದೆ. ನಾಲ್ಕು ಹಂತ. ಕ್ಯಾಲಿಫೋರ್ನಿಯಾದಲ್ಲಿ ಹೊರಬರಲು ಒಟ್ಟು ನಾಲ್ಕನೇ ಹಂತ ಬರಬೇಕು, ಟೀಚರ್ ಒಪ್ಪಬೇಕು, ಓದು-ಬರಹ ಅದೇ ವಯಸ್ಸಿನ ಇತರ ಮಕ್ಕಳ ಸಮಕ್ಕೆ ಇರಬೇಕು. ಜೊತೆಗೆ ಅಪ್ಪ-ಅಮ್ಮನ ಅಭಿಪ್ರಾಯ ಕೇಳಬೇಕು. ಆ ದಿನ ಸುಮ್ನೆ ಸಹಿ ಹಾಕಿ ಬರಬೇಡಿ. ಮನೆಯಲ್ಲಿ ಓದುವಾಗ ಎಲ್ಲಿ ತಡವರಿಸುತ್ತದೆ ಅಂತ ಹೇಳಿ. ಬೇಗ ಹೊರಬಂದರೆ ಹೆಮ್ಮೆ, ತಡವಾದರೆ ಅವಮಾನ ಅಂತ ಏನೂ ಇಲ್ಲ. ನಮ್ಮ ಮಗಳಿಗೆ ನಾಲ್ಕನೇ ಕ್ಲಾಸಿನವರೆಗೆ ಹಿಡಿಯಿತು. ಬರೆಯುವುದೊಂದೇ ಹಿಂದಿತ್ತು.

ಹೊರಬಂದ ಮೇಲೂ ಶಾಲೆಯವರು ನಾಲ್ಕು ವರ್ಷ ಮಗುವಿನ ಮೇಲೆ ಕಣ್ಣಿಡಬೇಕು. ಹಿಂದೆ ಬಿದ್ದರೆ ಮತ್ತೆ ಸಹಾಯ ಕೊಡಬೇಕು.

ಮೊದಲ ಫಾರ್ಮಿನ ನಕಲು, ಪ್ರತಿ ವರ್ಷದ ಅಂಕಪಟ್ಟಿ, ಪಟ್ಟಿಯಿಂದ ಹೊರಬಂದ ಪತ್ರ, ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಡಿ. ನಮ್ಮವರ ಕೆಲಸ ಅಂದರೆ ಇವತ್ತು ಸ್ಯಾನ್ ಹೋಸೆ, ನಾಳೆ ಆಸ್ಟಿನ್. ಹೊಸ ಊರಿನ ಶಾಲೆಯಲ್ಲಿ ಆ ಫೈಲನ್ನು ಕೌಂಟರ್ ಮೇಲೆ ಇಡಿ. ಮಗು ಎಲ್ಲಿಗೆ ತಲುಪಿದೆ ಅಂತ ಅವರಿಗೆ ಮೊದಲ ದಿನವೇ ಗೊತ್ತಾಗುತ್ತದೆ.